ಅಪರಾಧಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ: ಯಾವ ದೇಶ, ಯಾವ ವಿಭಾಗ?

ಆಳಂದದ ವಕೀಲೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಎಲ್‌ಎಲ್.ಬಿ. ಮುಗಿಸಿ, ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯ ಕ್ರಿಮಿನಲ್ ವಕೀಲರೊಬ್ಬರ ಕೈಕೆಳಗೆ ಎರಡು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ್ದೇನೆ. ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಜಾಮೀನು ಅರ್ಜಿಗಳು. ಜಾಮೀನು ಮಂಜೂರಾದ ಮೇಲೂ, ತನ್ನ ಹೆಸರಿನಲ್ಲಿ ಪಹಣಿ ಇರುವ ಒಬ್ಬ ಶ್ಯೂರಿಟಿದಾರ ಸಿಗದ ಕಾರಣಕ್ಕೆ ವಾರಗಟ್ಟಲೆ ಜೈಲಿನಲ್ಲೇ ಉಳಿಯುವ ಕಕ್ಷಿದಾರರನ್ನು ನೋಡುತ್ತ ಬಂದಂತೆ, ಕಾನೂನಿನ ಕಲಮುಗಳ ಆಚೆಗೆ ಈ ವ್ಯವಸ್ಥೆ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಓದಬೇಕೆನ್ನಿಸಿದೆ.

ಸಲಹೆಗಳು ಮೂರು ದಿಕ್ಕಿಗೆ ಎಳೆಯುತ್ತಿವೆ. ನಮ್ಮ ಸೀನಿಯರ್ ಅವರು ಎಲ್‌ಎಲ್.ಎಂ. ಮಾಡು ಎನ್ನುತ್ತಾರೆ. ಗೆಳತಿಯೊಬ್ಬಳು ಗುಜರಾತಿನ ಗಾಂಧಿನಗರದಲ್ಲಿ ಫೊರೆನ್ಸಿಕ್ (ವಿಧಿವಿಜ್ಞಾನ) ಓದು, ಕೆಲಸ ಗ್ಯಾರಂಟಿ ಎನ್ನುತ್ತಾಳೆ. ನಗರದ ಕನ್ಸಲ್ಟೆನ್ಸಿಯೊಂದರಲ್ಲಿ ವಿಚಾರಿಸಿದಾಗ, ಅಪರಾಧಶಾಸ್ತ್ರ ಎಲ್ಲಿ ಓದಿದರೂ ಒಂದೇ, ಇಂಗ್ಲೆಂಡಾದರೆ ಒಂದೇ ವರ್ಷದಲ್ಲಿ ಮುಗಿಯುತ್ತದೆ ಎಂದು ಹೇಳಿ ಐದು ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಕೈಗಿಟ್ಟರು. ಅಪ್ಪನಿಗೆ ಇರುವುದು ತೊಗರಿ ಬೆಳೆಯುವ ಹೊಲ, ಅದನ್ನು ಒತ್ತೆಯಿಟ್ಟಾದರೂ ಕಳಿಸುತ್ತೇನೆ ಎನ್ನುತ್ತಾರೆ. ಓದು ಮುಗಿದ ಮೇಲೆ ಈ ಭಾಗಕ್ಕೇ ಮರಳಿ ಬರುವ ಉದ್ದೇಶ ನನ್ನದು. ಈ ವಿಷಯವನ್ನು ಓದಿದವರು, ಓದಿಸಿದವರು ದಯವಿಟ್ಟು ತಿಳಿಸಿ.

ಸೇಡಂ–ಧಾರವಾಡ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಓದಿದವನು ನಾನು. ನಮ್ಮ ವಿಭಾಗದ ಹೆಸರಿನಲ್ಲಿ ಎರಡೂ ಶಾಸ್ತ್ರಗಳು ಜೋಡಿಯಾಗಿರುವುದರಿಂದಲೇ ನಮ್ಮ ಕಡೆಯ ಜನ ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ರಕ್ತದ ಕಲೆ, ಬೆರಳಚ್ಚು, ವಿಷ, ಕೈಬರಹ, ಮೊಬೈಲಿನಿಂದ ಅಳಿಸಿಹಾಕಿದ ಮಾಹಿತಿ, ಇವೆಲ್ಲ ವಿಧಿವಿಜ್ಞಾನದ ಕೆಲಸ. ಅಪರಾಧ ಏಕೆ ನಡೆಯುತ್ತದೆ, ಯಾವ ಕೃತ್ಯವನ್ನು ಸಮಾಜ ಅಪರಾಧವೆಂದು ಕರೆಯುತ್ತದೆ, ಪೊಲೀಸು, ನ್ಯಾಯಾಲಯ ಮತ್ತು ಜೈಲು ಯಾರ ಮೇಲೆ ಹೇಗೆ ಬೀಳುತ್ತವೆ ಎಂಬುದು ಅಪರಾಧಶಾಸ್ತ್ರದ ಕೆಲಸ. ಮೇಡಂ, ನಿಮ್ಮ ಶ್ಯೂರಿಟಿಯ ಪ್ರಶ್ನೆ ಎರಡನೆಯದಕ್ಕೆ ಸೇರಿದ್ದು.

ಗೆಳತಿಯ ಮಾತಿನಲ್ಲಿಯೂ ಹುರುಳಿದೆ. 2024ರ ಜುಲೈ 1ರಿಂದ ಸಿಆರ್‌ಪಿಸಿಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಭೇಟಿ ಕೊಡಬೇಕೆಂದು ಹೇಳುತ್ತದೆ. ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಒಳಗಿನ ಅವಕಾಶವಿದೆ. ನಮ್ಮ ಕಲಬುರಗಿಯಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ. ಹೀಗಾಗಿ ಆ ಕಡೆ ಹುದ್ದೆಗಳು ಹೆಚ್ಚುವುದು ಸಹಜ. ಆದರೆ ಪ್ರಯೋಗಾಲಯದ ಹುದ್ದೆಗೆ ವಿಜ್ಞಾನದ ಪದವಿ ಕೇಳುತ್ತಾರೆ, ಕಾನೂನು ಪದವಿ ಹಿಡಿದು ಹೋದವರಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ.

ದೇಶದೊಳಗೆ ನೋಡುವುದಾದರೆ ಮದ್ರಾಸು ವಿಶ್ವವಿದ್ಯಾಲಯದ ವಿಭಾಗ ಹಳೆಯದು, 1965ರಲ್ಲಿ ಆರಂಭವಾದದ್ದು. ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದಲ್ಲಿ ಸಂತ್ರಸ್ತರ ಕುರಿತ ಅಧ್ಯಯನ ಗಟ್ಟಿಯಾಗಿದೆ. ನಿಮಗೆ ಹೊಂದುವುದು ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಅಲ್ಲಿ ಅಪರಾಧಶಾಸ್ತ್ರವನ್ನು ಸಮಾಜಕಾರ್ಯದ ಭಾಗವಾಗಿ ಕಲಿಸುತ್ತಾರೆ. ವಿಚಾರಣಾಧೀನ ಕೈದಿಗಳ ನಡುವೆ ಕೆಲಸ ಮಾಡುವ 'ಪ್ರಯಾಸ್' ಎಂಬ ಕ್ಷೇತ್ರ ಯೋಜನೆಯನ್ನು ಆ ಸಂಸ್ಥೆ 1990ರಿಂದ ನಡೆಸಿಕೊಂಡು ಬಂದಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮುಂಬೈ, ವೀಸಾದ ಹಂಗಿಲ್ಲ.

ಶಹಾಬಾದದಿಂದ

ಇಂಗ್ಲೆಂಡಿನಲ್ಲಿ ಈ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಮರಳಿ ಬಂದು, ಈಗ ಬಾಲನ್ಯಾಯ ಮಂಡಳಿಗೆ ಬರುವ ಮಕ್ಕಳ ನಡುವೆ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಎಲ್ಲಿ ಓದಿದರೂ ಒಂದೇ ಎಂಬ ಕನ್ಸಲ್ಟೆನ್ಸಿಯವರ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ, ತಂಗಿ. ಈ ಶಾಸ್ತ್ರ ಒಂದೊಂದು ದೇಶದಲ್ಲಿ ಒಂದೊಂದು ಮನೆಯಲ್ಲಿ ಬೆಳೆದಿದೆ, ಆ ಮನೆಯ ಗುಣವೇ ಅದಕ್ಕೆ ಬಂದಿದೆ.

ಇಂಗ್ಲೆಂಡಿಗೆ ಇದನ್ನು ತಂದವರು ಹೊರಗಿನಿಂದ ಬಂದವರು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದ ಹರ್ಮನ್ ಮ್ಯಾನ್‌ಹೈಮ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ, ಮ್ಯಾಕ್ಸ್ ಗ್ರೂನ್‌ಹಟ್ ಆಕ್ಸ್‌ಫರ್ಡಿನಲ್ಲಿ, ಪೋಲೆಂಡಿನ ಲಿಯಾನ್ ರಾಡ್ಜಿನೋವಿಚ್ ಕೇಂಬ್ರಿಜ್‌ನಲ್ಲಿ ನೆಲೆಯೂರಿದರು. ಕೇಂಬ್ರಿಜ್‌ನ ಅಪರಾಧಶಾಸ್ತ್ರ ಸಂಸ್ಥೆ 1959ರಲ್ಲಿ ಆರಂಭವಾದಾಗ ರಾಡ್ಜಿನೋವಿಚ್ ಅದರ ಮೊದಲ ನಿರ್ದೇಶಕರಾದರು. ಮೂವರೂ ಕಾನೂನಿನ ಹಿನ್ನೆಲೆಯವರೇ. ಆದರೂ ಕಾಲಕ್ರಮದಲ್ಲಿ ಅಲ್ಲಿಯ ಅಪರಾಧಶಾಸ್ತ್ರ ಸಮಾಜಶಾಸ್ತ್ರದ ಮಗ್ಗುಲಿಗೆ ಹೊರಳಿತು. ಇವತ್ತು ಹೋದವರಿಗೆ ಸಿಗುವುದು ಸಿದ್ಧಾಂತ, ಸಂಶೋಧನಾ ವಿಧಾನ ಮತ್ತು ದಂಡನೀತಿಯ ವಿಮರ್ಶೆ. ತನಿಖೆ ಮಾಡುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ಅದನ್ನು ನಿರೀಕ್ಷಿಸಿ ಬಂದಿದ್ದ ಕೆಲವು ಸಹಪಾಠಿಗಳು ಮೊದಲ ಅವಧಿಯಲ್ಲೇ ಬೇಸತ್ತು ಹೋಗಿದ್ದರು.

ತರಗತಿ ಹೇಗಿರುತ್ತದೆ ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಒಂದು ದಿನ ನಮ್ಮ ಪ್ರಾಧ್ಯಾಪಕಿ ಎರಡು ರೇಖಾಚಿತ್ರಗಳನ್ನು ಹಂಚಿದರು. ಒಂದರಲ್ಲಿ ಪೊಲೀಸರು ದಾಖಲಿಸಿಕೊಂಡ ಅಪರಾಧಗಳ ಸಂಖ್ಯೆ ಏರುತ್ತಿತ್ತು. ಇನ್ನೊಂದರಲ್ಲಿ, ಅದೇ ವರ್ಷಗಳಿಗೆ, ಮನೆ ಮನೆಗೆ ಹೋಗಿ 'ಕಳೆದ ಹನ್ನೆರಡು ತಿಂಗಳಲ್ಲಿ ನಿಮಗೇನಾದರೂ ಆಯಿತೇ' ಎಂದು ಕೇಳುವ ಸಮೀಕ್ಷೆಯ ಸಂಖ್ಯೆ ಇಳಿಯುತ್ತಿತ್ತು. ಯಾವುದು ನಿಜ ಎಂದು ಕೇಳಿ ಸುಮ್ಮನೆ ಕುಳಿತರು. ದಾಖಲಿಸುವ ನಿಯಮ ಬಿಗಿಯಾದರೆ ಅಪರಾಧ ಹೆಚ್ಚದೆಯೂ ಅಂಕಿ ಏರಬಹುದು, ಸಮೀಕ್ಷೆಯವರು ಜೈಲು ಮತ್ತು ನಿರಾಶ್ರಿತರ ತಾಣಗಳಿಗೆ ಹೋಗದಿದ್ದರೆ ಅಲ್ಲಿಯವರ ಪಾಡು ಅಂಕಿಯಲ್ಲಿ ಕಾಣಿಸದೆಯೂ ಇರಬಹುದು ಎಂಬಲ್ಲಿಗೆ ನಾವು ತಲುಪುವಷ್ಟರಲ್ಲಿ ಅವಧಿ ಮುಗಿದಿತ್ತು. ಆ ಸಮೀಕ್ಷೆ ಅಲ್ಲಿ 1982ರಿಂದ, ಅಮೆರಿಕದಲ್ಲಿ ಅದಕ್ಕೂ ಮೊದಲಿನಿಂದ ನಡೆಯುತ್ತಿದೆ. ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಎಣಿಸುವುದು ಠಾಣೆಯಲ್ಲಿ ದಾಖಲಾದದ್ದನ್ನು. ಅದರಲ್ಲಿಯೂ ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದು ಮಾತ್ರ ಲೆಕ್ಕಕ್ಕೆ ಹೋಗುತ್ತದೆ. ಕೊಲೆಯೂ ಅತ್ಯಾಚಾರವೂ ಆದ ಪ್ರಕರಣ ಅತ್ಯಾಚಾರದ ಖಾತೆಯಲ್ಲಿ ಕಾಣಿಸುವುದಿಲ್ಲ. ಪತ್ರಿಕೆಯಲ್ಲಿ 'ನಮ್ಮ ಜಿಲ್ಲೆಯಲ್ಲಿ ಅಪರಾಧ ಇಳಿಕೆ' ಎಂಬ ಶೀರ್ಷಿಕೆಯನ್ನು ಓದುವ ರೀತಿಯೇ ಆ ತರಗತಿಯ ನಂತರ ನನಗೆ ಬೇರೆಯಾಯಿತು.

ಸ್ಕಾಟ್ಲೆಂಡನ್ನು ಇಂಗ್ಲೆಂಡಿನ ಜತೆ ಸೇರಿಸಿ ನೋಡಬೇಡಿ, ಅಲ್ಲಿಯ ಕಾನೂನು ವ್ಯವಸ್ಥೆಯೇ ಪ್ರತ್ಯೇಕ. ತಪ್ಪು ಮಾಡಿದ ಮಗುವನ್ನೂ ರಕ್ಷಣೆ ಬೇಕಾದ ಮಗುವನ್ನೂ ಒಂದೇ ಮಂಡಳಿಯ ಮುಂದೆ ತರುವ 'ಚಿಲ್ಡ್ರನ್ಸ್ ಹಿಯರಿಂಗ್ಸ್' ಎಂಬ ಪದ್ಧತಿ ಅಲ್ಲಿ 1971ರಿಂದ ಇದೆ. ಅಂದರೆ ನಮ್ಮಲ್ಲಿ ಬಾಲನ್ಯಾಯ ಮಂಡಳಿ, ಮಕ್ಕಳ ಕಲ್ಯಾಣ ಸಮಿತಿ ಎಂದು ಎರಡಾಗಿರುವುದು ಅಲ್ಲಿ ಒಂದೇ. ಎಡಿನ್‌ಬರೊ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯಗಳೆರಡರಲ್ಲೂ ಈ ವಿಷಯದ ಸ್ನಾತಕೋತ್ತರ ಪದವಿ ಇದೆ.

ಒಂದು ವರ್ಷದ ಕೋರ್ಸಿನ ತೊಂದರೆಯನ್ನೂ ಹೇಳಬೇಕು. ಸೆಪ್ಟೆಂಬರಿನಲ್ಲಿ ಇಳಿದವರು ಸಂಕ್ರಾಂತಿಯ ಹೊತ್ತಿಗೆ ಪ್ರಬಂಧದ ವಿಷಯವನ್ನು ನಿಗದಿ ಮಾಡಿರಬೇಕು. ಅಲ್ಲಿಯ ಜೈಲಿನೊಳಗೆ ಸಂಶೋಧನೆ ಮಾಡಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆಯ ಮೇಲೆ ಕಾರಾಗೃಹ ಇಲಾಖೆಯ ರಾಷ್ಟ್ರೀಯ ಸಂಶೋಧನಾ ಸಮಿತಿಯ ಒಪ್ಪಿಗೆಯೂ ಬೇಕು, ಅದು ಕೈಗೆ ಬರುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಆದ್ದರಿಂದ ಬಹುತೇಕ ವಿದ್ಯಾರ್ಥಿಗಳು ದತ್ತಾಂಶ ಭಂಡಾರದಲ್ಲಿ ಈಗಾಗಲೇ ಇರುವ ಸಮೀಕ್ಷೆಗಳ ಅಂಕಿಅಂಶಗಳನ್ನು ಇಟ್ಟುಕೊಂಡೇ ಬರೆಯುತ್ತಾರೆ. ಸಂಖ್ಯಾಶಾಸ್ತ್ರದ ಹೆದರಿಕೆಯಿದ್ದರೆ ಇಲ್ಲಿಂದಲೇ ಅದನ್ನು ಕಲಿತು ಹೊರಡುವುದು ಒಳ್ಳೆಯದು.

ಹುಮನಾಬಾದದ ಬ್ಯಾಂಕ್ ನೌಕರ

ಓದಿನ ವಿಷಯ ನನಗೆ ತಿಳಿಯದು, ದುಡ್ಡಿನ ವಿಷಯ ಹೇಳುತ್ತೇನೆ. ಅಕ್ಕಾವ್ರೇ, ತಂದೆಯವರು ಹೊಲ ಒತ್ತೆಯಿಡುತ್ತೇನೆ ಎಂದರೂ ಶೈಕ್ಷಣಿಕ ಸಾಲಕ್ಕೆ ಕೃಷಿ ಜಮೀನನ್ನು ಆಧಾರವಾಗಿ ಬಹುತೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಏಳೂವರೆ ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಮನೆ ಅಥವಾ ಎನ್.ಎ. (ಕೃಷಿಯೇತರ) ಆದ ನಿವೇಶನದಂತಹ ಆಧಾರ ಕೇಳುತ್ತಾರೆ. ಆಗ ಖಾಸಗಿ ಲೇವಾದೇವಿಯವರ ಬಳಿ ಹೊಲ ಬರೆದುಕೊಟ್ಟು ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ತಾಲ್ಲೂಕಿನಲ್ಲೂ ಇವೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಬ್ರಿಟನ್ನಿನ ವೀಸಾಕ್ಕೆ ಮೊದಲ ವರ್ಷದ ಶುಲ್ಕದಲ್ಲಿ ಬಾಕಿ ಇರುವುದು ಹಾಗೂ ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚ, ಇಷ್ಟೂ ಹಣ ಖಾತೆಯಲ್ಲಿ ಸತತವಾಗಿ 28 ದಿನ ಇದ್ದಿರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಇದರ ಮೇಲೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುತೇಕ ಇಲ್ಲ, ಆದರೆ ವರ್ಷಕ್ಕೆ 11,904 ಯೂರೊ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆ) ಮೊದಲೇ ತೋರಿಸಬೇಕು, ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ನಾರ್ವೆ ಉಚಿತ ಎಂದು ಇನ್ನೂ ಹೇಳುವವರಿದ್ದಾರೆ. 2023ರ ಶೈಕ್ಷಣಿಕ ವರ್ಷದಿಂದ ಯುರೋಪಿನ ಹೊರಗಿನವರಿಗೆ ಅಲ್ಲಿಯೂ ಶುಲ್ಕವಿದೆ.

ಆಳಂದದ ವಕೀಲೆ

ಇಷ್ಟು ವಿವರ ಸಿಕ್ಕೀತೆಂದು ಎಣಿಸಿರಲಿಲ್ಲ. ಶಹಾಬಾದದ ಅಣ್ಣಾವ್ರೇ, ಕಾನೂನು ಓದಿದವಳಿಗೆ ಯುರೋಪಿನ ಇತರ ದೇಶಗಳು ಹತ್ತಿರವಾದಾವೇ? ಅಮೆರಿಕದ ಬಗ್ಗೆ ಯಾರೂ ಬರೆದಿಲ್ಲ. ಇನ್ನೊಂದು ಮಾತು: ನಮ್ಮ ಕಕ್ಷಿದಾರರಲ್ಲಿ ಅಲೆಮಾರಿ ಸಮುದಾಯದವರು ಹಲವರು. ಊರಲ್ಲಿ ಎಲ್ಲಿ ಕಳವಾದರೂ ಮೊದಲು ಅವರ ಟೆಂಟಿಗೇ ಜೀಪು ಹೋಗುತ್ತದೆ. ಇದನ್ನೇ ಪ್ರಬಂಧದ ವಿಷಯವಾಗಿಸುವ ಆಸೆಯಿದೆ.

ಸುರಪುರದ ಉಪನ್ಯಾಸಕ

ಸಮಾಜಶಾಸ್ತ್ರ ಪಾಠ ಮಾಡುವವನು, ಆದ್ದರಿಂದ ನಿಮ್ಮ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ಬ್ರಿಟಿಷರು ತಂದದ್ದು 1871ರಲ್ಲಿ. 'ಹುಟ್ಟು ಅಪರಾಧಿ' ಎಂಬ ವಾದದಿಂದ ಹೆಸರಾದ ಇಟಲಿಯ ಲೊಂಬ್ರೋಸೊ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಎಂದರೆ ಟ್ಯೂರಿನ್ನಿನ ವೈದ್ಯನೊಬ್ಬ ತಲೆಬುರುಡೆ ಅಳೆದು ಸಿದ್ಧಾಂತ ಕಟ್ಟುವ ಮೊದಲೇ ಇಲ್ಲಿ ಕಾಯ್ದೆ ಅದೇ ಕೆಲಸವನ್ನು ಮಾಡಿ ಮುಗಿಸಿತ್ತು. ಪಾಶ್ಚಾತ್ಯ ಪಠ್ಯಗಳು ಅಪರಾಧಶಾಸ್ತ್ರದ ಚರಿತ್ರೆಯನ್ನು ಲೊಂಬ್ರೋಸೊನಿಂದ ಆರಂಭಿಸುವಾಗ ವಸಾಹತುಗಳ ಈ ಅಧ್ಯಾಯವನ್ನು ಬಹಳ ಕಾಲ ಬಿಟ್ಟೇ ಬರೆದವು. ಕಾಯ್ದೆ 1952ರಲ್ಲಿ ರದ್ದಾಯಿತು, ಪಟ್ಟಿಯಿಂದ ಹೊರಬಂದವರು 'ವಿಮುಕ್ತ'ರೆನಿಸಿದರು, ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು. ಜೈಲಿನ ಕೈಪಿಡಿಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ. ನಿಮ್ಮ ವಿಷಯ ಇಷ್ಟು ಜೀವಂತವಾಗಿದೆ.

ಇಲ್ಲೊಂದು ತೊಡಕಿದೆ, ಅರ್ಜಿ ಹಾಕುವ ಮೊದಲೇ ತಿಳಿದಿರಲಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟು, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಸಿಗುತ್ತದೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಆದರೆ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಅಧ್ಯಯನಗಳನ್ನು ಭಾರತ ಕೇಂದ್ರಿತ ವಿಷಯವಾಗಿ ಹೊರದೇಶದಲ್ಲಿ ಓದುವವರಿಗೆ ಅದು ಅನ್ವಯಿಸದೆಂದು 2022ರಲ್ಲಿ ನಿಯಮ ಮಾಡಿದರು. ವಿಮುಕ್ತ ಬುಡಕಟ್ಟಿನ ಹುಡುಗಿಯೊಬ್ಬಳು ತನ್ನದೇ ಸಮುದಾಯದ ಮೇಲಿನ ಪೊಲೀಸು ನಿಗಾವನ್ನು ಕುರಿತು ಲಂಡನ್ನಿನಲ್ಲಿ ಓದಲು ಹೊರಟರೆ ಈ ನಿಯಮ ಅವಳಿಗೆ ಅಡ್ಡ ಬರುತ್ತದೆ. ನನಗಿದು ಅರ್ಥಹೀನವಾಗಿ ಕಾಣುತ್ತದೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಬೇರೆ, ಅದು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ. ನೀವು ಯಾವುದಕ್ಕೆ ಅರ್ಹರೋ ನೋಡಿಕೊಳ್ಳಿ.

ಯುರೋಪಿನ ಮುಖ್ಯಭೂಮಿಯಲ್ಲಿ ಈ ಶಾಸ್ತ್ರ ಇಂದಿಗೂ ಹೆಚ್ಚಾಗಿ ಕಾನೂನು ನಿಕಾಯದ ಮಡಿಲಲ್ಲಿದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 'ಗ್ಲೋಬಲ್ ಕ್ರಿಮಿನಾಲಜಿ' ಎಂಬ ಒಂದು ವರ್ಷದ ಕೋರ್ಸು ಇಂಗ್ಲಿಷಿನಲ್ಲೇ ನಡೆಯುತ್ತದೆ. ಜರ್ಮನಿಯಲ್ಲಿ ಜರ್ಮನ್ ಬಾರದೆ ಕೆಲಸ ಸಾಗದು. ಓಸ್ಲೊದ ನಿಲ್ಸ್ ಕ್ರಿಸ್ಟಿ 1977ರಲ್ಲಿ ಒಂದು ವಾದ ಹೂಡಿದರು: ಜಗಳ ಜಗಳವಾಡಿದವರ ಸೊತ್ತು, ಅದನ್ನು ವಕೀಲರು ಮತ್ತು ಸರ್ಕಾರ ಅವರಿಂದ ಕಸಿದುಕೊಂಡಿದ್ದಾರೆ ಎಂದು. ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ರಾಜಿ ಮಾಡಿಸುವುದನ್ನು ಕಂಡ ನಮಗೆ ಈ ವಾದ ಆಕರ್ಷಕವಾಗಿ ಕೇಳಿಸುತ್ತದೆ. ಆ ಕಟ್ಟೆಯ ಕೆಳಗೆ ಯಾರು ನಿಂತಿರುತ್ತಿದ್ದರು ಎಂಬುದನ್ನೂ ಕಂಡ ನಮಗೆ ಅಷ್ಟೇ ಸುಲಭವಾಗಿ ಒಪ್ಪಲು ಆಗುವುದಿಲ್ಲ. ನಾರ್ವೆಯ ತರಗತಿಯಲ್ಲಿ ಕುಳಿತು ಈ ಆಕ್ಷೇಪವನ್ನು ಎತ್ತಬಲ್ಲವರು ನಿಮ್ಮಂಥವರೇ.

ಅಮೆರಿಕದಲ್ಲಿ ಈ ವಿಭಾಗಗಳಿಗೆ ಬಲ ಬಂದದ್ದು 1968ರ ನಂತರ, ಪೊಲೀಸರಿಗೆ ಕಾಲೇಜು ಶಿಕ್ಷಣ ಕೊಡಲೆಂದು ಕೇಂದ್ರ ಸರ್ಕಾರ ಹಣ ಸುರಿದಾಗ. ಹೀಗಾಗಿ ಅಲ್ಲಿ ಆಡಳಿತ, ಪೊಲೀಸು ನಿರ್ವಹಣೆ, ಅಂಕಿಅಂಶಗಳ ವಿಶ್ಲೇಷಣೆಗೆ ಒತ್ತು. ವಿಮರ್ಶೆಯ ಧ್ವನಿ ಜೋರಾಗಿದ್ದ ಬರ್ಕ್ಲಿಯ ಅಪರಾಧಶಾಸ್ತ್ರ ಶಾಲೆಯನ್ನು 1976ರಲ್ಲಿ ಮುಚ್ಚಿದ್ದೂ ಅದೇ ದೇಶದ ಚರಿತ್ರೆ. ಮೇರಿಲ್ಯಾಂಡ್, ಆಲ್ಬನಿ, ನ್ಯೂಯಾರ್ಕಿನ ಜಾನ್ ಜೇ ಕಾಲೇಜು ಹೆಸರುವಾಸಿಯಾದವು. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಎರಡು ವರ್ಷ, ಸಹಾಯಧನ ದೊರೆಯುವುದು ಹೆಚ್ಚಾಗಿ ಪಿಎಚ್.ಡಿ.ಗೆ. ಓದಿದ ಮೇಲಿನ ಕೆಲಸದ ಅವಕಾಶ 12 ತಿಂಗಳು, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಕೇಂದ್ರ ಸರ್ಕಾರದ ತನಿಖಾ ಸಂಸ್ಥೆಗಳ ಹುದ್ದೆಗಳು ಅಲ್ಲಿಯ ಪೌರರಿಗೆ ಮೀಸಲು. ನಿಮ್ಮ ಉದ್ದೇಶಕ್ಕೆ ಅದು ದೂರದ ದಾರಿ.

ನಿವೃತ್ತ, ಕಲಬುರಗಿ

ಕಾರಾಗೃಹ ಇಲಾಖೆಯಲ್ಲಿ ಸೇವೆ ಮುಗಿಸಿದವನು ನಾನು. ಎಲ್ಲರೂ ಓದಿನ ಬಗ್ಗೆ ಬರೆದಿದ್ದಾರೆ, ಮರಳಿ ಬಂದ ಮೇಲೆ ಏನು ಎಂಬುದನ್ನು ಯಾರೂ ಬರೆದಿಲ್ಲ. ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ದೇಶದ ಲೆಕ್ಕವೂ ಅದೇ. ಅವರಿಗೆ ಬೇಕಾದದ್ದು ಮುಂದಿನ ತಾರೀಖಿಗೆ ಹಾಜರಾಗುವ ವಕೀಲ. ವಿದೇಶದ ಎಂ.ಎಸ್ಸಿ. ಹಿಡಿದು ಬಂದವರಿಗಾಗಿಯೇ ಮೀಸಲಾದ ಹುದ್ದೆ ನಮ್ಮ ಇಲಾಖೆಯಲ್ಲಿ ನಾನು ಕಂಡಿಲ್ಲ. ಜೈಲಿನೊಳಗೆ ಸಂಶೋಧನೆ ಮಾಡಬೇಕೆಂದರೆ ಬೆಂಗಳೂರಿನ ಕೇಂದ್ರ ಕಚೇರಿಯ ಅನುಮತಿ ಬೇಕು, ಪ್ರಶ್ನಾವಳಿಯನ್ನು ಮೊದಲೇ ಕೊಡಬೇಕು, ಸಂದರ್ಶನದ ವೇಳೆ ಸಿಬ್ಬಂದಿಯೊಬ್ಬರು ಪಕ್ಕದಲ್ಲೇ ಇರುತ್ತಾರೆ, ಆಗ ಕೈದಿ ಹೇಳುವುದು ಏನೆಂಬುದನ್ನು ನೀವೇ ಊಹಿಸಿಕೊಳ್ಳಿ. ಮಗಳೇ, ವಕೀಲಿಕೆ ಬಿಡಬೇಡ. ಬಡ ಆರೋಪಿಗಳ ಪರ ವಾದಿಸುವ, ಕಾನೂನು ಸೇವಾ ಪ್ರಾಧಿಕಾರದ ರಕ್ಷಣಾ ಅಭಿರಕ್ಷಕರ ವ್ಯವಸ್ಥೆ ಬಂದಿದೆ, ಅದರಲ್ಲಿ ಸೇರಿಕೋ.

ಶಹಾಬಾದದಿಂದ

ಹಿರಿಯರ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಪೂರ್ತಿ ಒಪ್ಪುವುದೂ ಇಲ್ಲ. ಹುದ್ದೆಯ ಜಾಹೀರಾತಿನಲ್ಲಿ ಅಪರಾಧಶಾಸ್ತ್ರ ಎಂಬ ಹೆಸರಿಲ್ಲ ಎಂಬುದು ನಿಜ. ಕಾನೂನು ಪದವಿ ಮತ್ತು ಸಮಾಜ ವಿಜ್ಞಾನದ ತರಬೇತಿ ಎರಡೂ ಇರುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ಕಾನೂನು ನೆರವಿನ ಸಂಶೋಧನಾ ಗುಂಪುಗಳಲ್ಲಿ, ಬೋಧನೆಯಲ್ಲಿ ಕೆಲಸ ಕಂಡುಕೊಳ್ಳುತ್ತಾರೆ. ಬಾಲನ್ಯಾಯ ಮಂಡಳಿಯ ಸಮಾಜಕಾರ್ಯಕರ್ತ ಸದಸ್ಯರಾಗಲು ಕಾಯ್ದೆ ಕೇಳುವುದು ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷಗಳ ಕೆಲಸ, ಇಲ್ಲವೇ ಮಕ್ಕಳ ಮನೋವಿಜ್ಞಾನ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿಯಿರುವ ವೃತ್ತಿಪರರಾಗಿರುವುದು. ಇನ್ನು ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಸಂದರ್ಶನವೆಂದರೆ, ಜೈಲಿನ ಹೊರಗೆ ಬಿಡುಗಡೆಯಾದವರನ್ನು ಮಾತಾಡಿಸಬಹುದು, ನ್ಯಾಯಾಲಯದ ಕಡತಗಳಿಂದ ಜಾಮೀನು ಆದೇಶದ ದಿನಕ್ಕೂ ಬಿಡುಗಡೆಯ ದಿನಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಬಹುದು. ಈ ಕೆಲಸವನ್ನು ವಕೀಲೆಯೊಬ್ಬಳು ಮಾಡುವಷ್ಟು ಸಲೀಸಾಗಿ ಹೊರಗಿನ ಸಂಶೋಧಕರು ಮಾಡಲಾರರು.

ದುಡ್ಡಿಗೆ ಚೀವ್ನಿಂಗ್ ನೋಡಿ, ತಂಗಿ. ಬ್ರಿಟಿಷ್ ಸರ್ಕಾರದ ಈ ವಿದ್ಯಾರ್ಥಿವೇತನ ಶುಲ್ಕ, ಜೀವನ ವೆಚ್ಚ, ವಿಮಾನದ ಖರ್ಚನ್ನು ಭರಿಸುತ್ತದೆ, 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತು ಹಾಕುತ್ತದೆ. ಅಲ್ಲೇ ಉಳಿಯಬೇಕೆನ್ನುವವರಿಗೆ ಈ ಷರತ್ತು ಭಾರ, ನಿಮಗೆ ಅದು ಅಡ್ಡಿಯೇ ಅಲ್ಲ. ಓದಿನ ನಂತರದ ಗ್ರಾಜುಯೇಟ್ ವೀಸಾವನ್ನು 2027ರ ಜನವರಿಯಿಂದ ಎರಡು ವರ್ಷದಿಂದ 18 ತಿಂಗಳಿಗೆ ಇಳಿಸುವುದಾಗಿ ಅಲ್ಲಿಯ ಸರ್ಕಾರ ಹೇಳಿದೆ, ಅಲ್ಲಿ ದುಡಿದು ಸಾಲ ತೀರಿಸುವ ಲೆಕ್ಕ ಹಾಕುವವರು ಅದನ್ನು ಗಮನಿಸಬೇಕು.

ಆಳಂದದ ವಕೀಲೆ

ಮನೆಯಲ್ಲಿ ಮಾತಾಡಿದೆ. ಹೊಲದ ವಿಷಯವನ್ನು ಕೈಬಿಟ್ಟಿದ್ದೇವೆ. ಈ ಸಲ ಟಾಟಾ ಸಂಸ್ಥೆಗೂ ಚೀವ್ನಿಂಗ್‌ಗೂ ಎರಡಕ್ಕೂ ಅರ್ಜಿ ಹಾಕುತ್ತೇನೆ. ವಿದ್ಯಾರ್ಥಿವೇತನ ಸಿಗದಿದ್ದರೆ ಮುಂಬೈ. ಕಾರಾಗೃಹ ಇಲಾಖೆಯ ಕಾಕಾ ಹೇಳಿದಂತೆ ವಕೀಲಿಕೆ ಬಿಡುವುದಿಲ್ಲ, ಸನ್ನದು ಹೇಗೂ ನನ್ನದೇ ಇರುತ್ತದೆ. ಎರಡು ಸಂದೇಹ ಉಳಿದಿವೆ. ಒಂದು ವರ್ಷದ ವಿದೇಶಿ ಪದವಿ ಇಲ್ಲಿ ಬೋಧನೆಗೆ ನಡೆಯುತ್ತದೆಯೇ? ಶಿಫಾರಸು ಪತ್ರವನ್ನು ಪ್ರಾಧ್ಯಾಪಕರಿಂದಲೇ ತರಬೇಕೇ, ನಮ್ಮ ಸೀನಿಯರ್ ಕೊಟ್ಟರೆ ಸಾಕೇ?

ಸೇಡಂ–ಧಾರವಾಡ

ಭಾರತ ಮತ್ತು ಬ್ರಿಟನ್ 2022ರ ಜುಲೈನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಅಲ್ಲಿಯ ಒಂದು ವರ್ಷದ ಮಾಸ್ಟರ್ಸ್ ಪದವಿಗೆ ಇಲ್ಲಿ ಮಾನ್ಯತೆ ಇದೆ, ಆದರೂ ಸಮಾನತಾ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳಬೇಕು. ಬೋಧನೆಗೆ ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ರಾಜ್ಯದ ಸೆಟ್ ಪಾಸಾಗಬೇಕು, ಇಲ್ಲವೇ ಪಿಎಚ್.ಡಿ. ಇರಬೇಕು. ಯುಜಿಸಿಯ ನೆಟ್ ಪಟ್ಟಿಯಲ್ಲಿ ಅಪರಾಧಶಾಸ್ತ್ರ ಒಂದು ವಿಷಯ, ವಿಧಿವಿಜ್ಞಾನ ಇನ್ನೊಂದು. ಮುಂಬೈನಲ್ಲಿ ಓದಿದರೂ ಇದೇ ದಾರಿ.

ಶಹಾಬಾದದಿಂದ

ಪತ್ರ ಇಬ್ಬರಿಂದಲೂ ಇರಲಿ. ಪ್ರಾಧ್ಯಾಪಕರು ನಿಮ್ಮ ಓದಿನ ಬಗ್ಗೆ ಬರೆಯಲಿ. ಸೀನಿಯರ್ ಅವರು 'ಶ್ರಮಜೀವಿ, ಪ್ರಾಮಾಣಿಕಳು' ಎಂಬ ಎಂದಿನ ಮಾತುಗಳನ್ನು ಬಿಟ್ಟು, ನೀವು ನಡೆಸಿದ ಒಂದು ಜಾಮೀನು ಪ್ರಕರಣದಲ್ಲಿ ಏನು ಮಾಡಿದಿರಿ ಎಂಬುದನ್ನು ಕಕ್ಷಿದಾರರ ಹೆಸರಿಲ್ಲದೆ ವಿವರವಾಗಿ ಬರೆಯಲಿ. ಹಿರಿಯ ವಕೀಲರಿಗೆ ಬಿಡುವಿರುವುದಿಲ್ಲ, ಆದ್ದರಿಂದ ಅರ್ಜಿಯ ಕೊನೆಯ ದಿನದವರೆಗೆ ಕಾಯದೆ, ಕೋರ್ಟಿನ ರಜೆಯಲ್ಲೇ ಅವರ ಕಚೇರಿಗೆ ಹೋಗಿ ಕೇಳಿ. ಉದ್ದೇಶ ಪತ್ರದ ಕರಡು ಸಿದ್ಧವಾದಾಗ ಇಲ್ಲಿಯೇ ಹಾಕಿ, ಸುರಪುರದ ಸರ್ ಅವರೂ ನಾನೂ ನೋಡಿ ಹೇಳುತ್ತೇವೆ.